ಕೂದಲು ಕೀಳುವ ಚಟಕ್ಕೆ ಕಫದ ಮಾತ್ರೆ ಮದ್ದೇ? ಪ್ರಯೋಗಗಳು ಹೇಳಿದ್ದೇನು?

'ತಲೆಕೂದಲು, ಹುಬ್ಬು, ರೆಪ್ಪೆ ಕಿತ್ತುಕೊಳ್ಳುವ ಅಭ್ಯಾಸ ಇದೆಯೇ? ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಈ ಕಫದ ಮಾತ್ರೆ ತೆಗೆದುಕೊಳ್ಳಿ, ಅರ್ಧಕ್ಕಿಂತ ಹೆಚ್ಚು ಜನರಿಗೆ ಗುಣವಾಗಿದೆ, ಅಮೆರಿಕದ ವಿಜ್ಞಾನಿಗಳೇ ಹೇಳಿದ್ದಾರೆ.' ಈ ಧಾಟಿಯ ಸಂದೇಶ ವಾಟ್ಸಾಪ್‌ನಲ್ಲೋ ಯೂಟ್ಯೂಬ್ ಶಾರ್ಟ್ಸ್‌ನಲ್ಲೋ ನಿಮ್ಮ ಕಣ್ಣಿಗೆ ಬಿದ್ದಿದ್ದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ.

ಇದು ಶುದ್ಧ ಸುಳ್ಳಲ್ಲ, ಗೊಂದಲ ಇರುವುದೇ ಅಲ್ಲಿ. ಅಂಥ ಪ್ರಯೋಗ ನಡೆದದ್ದು ನಿಜ, ಅಂಕಿಯೂ ನಿಜ. ಆದರೆ ಆ ಪ್ರಯೋಗ ನಡೆದದ್ದು ದೊಡ್ಡವರ ಮೇಲೆ. ಮಕ್ಕಳ ಮೇಲೆ ಅದೇ ಮಾತ್ರೆಯನ್ನು ಪರೀಕ್ಷಿಸಿದಾಗ ಉಪಯೋಗ ಕಾಣಲಿಲ್ಲ. ಈ ಎರಡನೆಯ ಸುದ್ದಿ ಫಾರ್ವರ್ಡ್ ಆಗುವುದಿಲ್ಲ. ಇಂಥ ಮಾತ್ರೆ ಹುಡುಕುವವರಲ್ಲಿ ಮಕ್ಕಳ ತಂದೆತಾಯಿಯೂ ಇರಬಹುದು ಎಂಬುದನ್ನು ಗಮನಿಸಿದರೆ ಇದು ಸಣ್ಣ ವಿಷಯವಲ್ಲ.

ಮೊದಲು, ಇದು ಏನು ಕಾಯಿಲೆ?

ವೈದ್ಯರು ಇದನ್ನು ಟ್ರೈಕೊಟಿಲೊಮೇನಿಯಾ ಎನ್ನುತ್ತಾರೆ. 1889ರಲ್ಲಿ ಫ್ರಾನ್ಸಿನ ಚರ್ಮರೋಗ ತಜ್ಞ ಅಲೋಪೋ ಕೊಟ್ಟ ಹೆಸರು ಇದು. ಗ್ರೀಕ್ ಭಾಷೆಯ ಕೂದಲು, ಕೀಳು, ಹುಚ್ಚು ಎಂಬ ಮೂರು ಪದಗಳನ್ನು ಸೇರಿಸಿ ಮಾಡಿದ್ದು. 'ಹುಚ್ಚು' ಎಂಬ ಭಾಗ ಇವತ್ತಿಗೆ ಒಪ್ಪುವಂಥದ್ದಲ್ಲ. ಇದು ಹುಚ್ಚಲ್ಲ. ಅಮೆರಿಕದ ಮನೋವೈದ್ಯರು ಬಳಸುವ ಕೈಪಿಡಿಯ 2013ರ ಆವೃತ್ತಿಯಲ್ಲಿ ಇದನ್ನು ಒಸಿಡಿ, ಅಂದರೆ ಗೀಳು ಕಾಯಿಲೆ ಮತ್ತು ಅದರ ಹತ್ತಿರದ ತೊಂದರೆಗಳ ಅಧ್ಯಾಯಕ್ಕೆ ಸೇರಿಸಲಾಗಿದೆ.

ಸಾಮಾನ್ಯವಾಗಿ ಹತ್ತರಿಂದ ಹದಿಮೂರು ವರ್ಷದ ಆಸುಪಾಸಿನಲ್ಲಿ ಇದು ಶುರುವಾಗುತ್ತದೆ. ಪರೀಕ್ಷೆಗೆ ಓದುವಾಗ, ಟಿವಿ ನೋಡುವಾಗ, ನಿದ್ದೆಗೆ ಮುನ್ನ ಕೈ ತನ್ನಷ್ಟಕ್ಕೆ ತಲೆಗೆ ಹೋಗುತ್ತದೆ. ಕೆಲವರಿಗೆ ಕಿತ್ತ ಮೇಲೆಯೇ ಗೊತ್ತಾಗುವುದು. ಇನ್ನು ಕೆಲವರಿಗೆ ಒಳಗಿನಿಂದ ಒತ್ತಡ ಏರುತ್ತಾ ಹೋಗಿ, ಒಂದು ನಿರ್ದಿಷ್ಟ ಕೂದಲು ಕಿತ್ತಾಗ ಮಾತ್ರ ನಿರಾಳ. ಆಮೇಲೆ ನಾಚಿಕೆ. ನೆತ್ತಿಯ ಬೋಳು ಜಾಗವನ್ನು ಜಡೆಯಿಂದ, ದುಪಟ್ಟಾದಿಂದ, ಕ್ಯಾಪ್‌ನಿಂದ ಮುಚ್ಚಿಕೊಂಡು ವರ್ಷಗಟ್ಟಲೆ ಯಾರಿಗೂ ಹೇಳದೆ ಬದುಕುವವರಿದ್ದಾರೆ. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಕೇಳಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇಕಡಾ 1.7ರಷ್ಟು ಜನರಲ್ಲಿ ಇದು ಕಂಡುಬಂತು. ಅಂದರೆ ಸುಮಾರು 60 ಜನರಲ್ಲಿ ಒಬ್ಬರು. ನಿಮ್ಮ ಮಗುವಿನ ತರಗತಿಯಲ್ಲೇ ಇನ್ನೊಬ್ಬರು ಇರಬಹುದು.

ದೃಷ್ಟಿ ತಾಗಿದ್ದಲ್ಲ, ಹಠವಲ್ಲ, ಬೈದರೆ ಬಿಡುವಂಥದ್ದೂ ಅಲ್ಲ. 'ತಲೆ ಬೋಳಿಸಿಬಿಡಿ, ತಾನೇ ಬಿಡುತ್ತೆ' ಎಂಬ ಸಲಹೆಯೂ ಬೇಡ. ಕೂದಲು ಮತ್ತೆ ಬೆಳೆದಾಗ ಕೈ ಮತ್ತೆ ಹೋಗುತ್ತದೆ, ನಡುವೆ ಮಗುವಿಗೆ ಶಾಲೆಯಲ್ಲಿ ಆದ ಅವಮಾನವಷ್ಟೇ ಉಳಿಯುತ್ತದೆ.

ಕಫದ ಮಾತ್ರೆ ಇಲ್ಲಿಗೆ ಹೇಗೆ ಬಂತು?

ಮಾತ್ರೆಯ ಹೆಸರು ಎನ್-ಅಸಿಟೈಲ್‌ಸಿಸ್ಟೀನ್, ಚಿಕ್ಕದಾಗಿ ಎನ್‌ಎಸಿ. ನೀರಿಗೆ ಹಾಕಿದರೆ ನೊರೆ ಬರುವ ಮಾತ್ರೆಯಾಗಿ ನಮ್ಮಲ್ಲಿ ಸಿಗುತ್ತದೆ. ಎದೆಯಲ್ಲಿ ಕಟ್ಟಿದ ಗಟ್ಟಿ ಕಫವನ್ನು ತೆಳುವಾಗಿಸಲು ವೈದ್ಯರು ಬರೆಯುತ್ತಾರೆ. ಪ್ಯಾರಾಸಿಟಮಾಲ್ ಮಿತಿಮೀರಿ ನುಂಗಿದವರ ಲಿವರ್ ಉಳಿಸಲು ಆಸ್ಪತ್ರೆಗಳಲ್ಲಿ ಕೊಡುವುದೂ ಇದನ್ನೇ.

ಮಿದುಳಿನ ನರಕೋಶಗಳು ತಮ್ಮೊಳಗೆ ಸುದ್ದಿ ಸಾಗಿಸಲು ಬಳಸುವ ರಾಸಾಯನಿಕಗಳಲ್ಲಿ ಗ್ಲುಟಮೇಟ್ ಒಂದು. ಮತ್ತೆ ಮತ್ತೆ ಅದೇ ಕೆಲಸ ಮಾಡಿಸುವ ಗೀಳಿನಂಥ ನಡವಳಿಕೆಗಳಲ್ಲಿ ಇದರ ಏರುಪೇರಿನ ಪಾತ್ರವಿದೆ ಎಂಬುದು ಸಂಶೋಧಕರ ಊಹೆ. ಎನ್‌ಎಸಿ ಈ ಗ್ಲುಟಮೇಟ್‌ನ ಮಟ್ಟವನ್ನು ಸಮತೋಲನಕ್ಕೆ ತರಬಲ್ಲದು ಎಂದು ಪ್ರಾಣಿಗಳ ಮೇಲಿನ ಅಧ್ಯಯನಗಳು ಸೂಚಿಸಿದ್ದವು. ಹಾಗಾದರೆ ಕೂದಲು ಕೀಳುವವರಿಗೂ ಕೊಟ್ಟು ನೋಡೋಣ ಎಂದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಜಾನ್ ಗ್ರಾಂಟ್ ಮತ್ತು ಸಂಗಡಿಗರು ಹೊರಟರು. ಅವರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು.

50 ಜನ ವಯಸ್ಕರು, ಅವರಲ್ಲಿ 45 ಮಂದಿ ಮಹಿಳೆಯರು. 12 ವಾರ. ಅರ್ಧದಷ್ಟು ಜನರಿಗೆ ಎನ್‌ಎಸಿ, ದಿನಕ್ಕೆ 1200 ಮಿಲಿಗ್ರಾಂನಿಂದ 2400 ಮಿಲಿಗ್ರಾಂವರೆಗೆ. ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ, ಆದರೆ ಒಳಗೆ ಔಷಧವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ನುಂಗುವವರಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. ಕೊನೆಗೆ ಎನ್‌ಎಸಿ ಪಡೆದವರಲ್ಲಿ ಶೇಕಡಾ 56 ಮಂದಿ 'ಸಾಕಷ್ಟು' ಅಥವಾ 'ತುಂಬಾ' ಸುಧಾರಿಸಿದ್ದರು. ಹುಸಿಮಾತ್ರೆ ಪಡೆದವರಲ್ಲಿ ಶೇಕಡಾ 16.

ಶೇಕಡಾವಾರು ಕಂಡಾಗಲೆಲ್ಲ 'ಎಷ್ಟು ಜನರಲ್ಲಿ?' ಎಂದು ಕೇಳುವುದು ಒಳ್ಳೆಯ ಅಭ್ಯಾಸ. ಇಲ್ಲಿ ಉತ್ತರ: 25 ಜನರಲ್ಲಿ 14, ಇನ್ನೊಂದು ಕಡೆ 25ರಲ್ಲಿ 4. ವ್ಯತ್ಯಾಸ ದೊಡ್ಡದೇ, ಆದರೆ ಒಂದು ಬಸ್ಸಿನಲ್ಲಿ ಹಿಡಿಸುವಷ್ಟು ಜನರ ಮೇಲೆ ಕಂಡದ್ದು. ಇನ್ನೊಂದು ಮಾತು, ಈ 14 ಜನ ಸುಧಾರಿಸಿದರು, ಎಲ್ಲರೂ ಕೀಳುವುದನ್ನೇ ಬಿಟ್ಟರು ಎಂದಲ್ಲ. ಸುಧಾರಣೆ ಎದ್ದು ಕಾಣಲು ಸುಮಾರು ಒಂಬತ್ತು ವಾರ ಹಿಡಿಯಿತು. ಫಾರ್ವರ್ಡ್‌ನಲ್ಲಿ ಇದು 'ಗುಣವಾಗಿದೆ' ಆಗುತ್ತದೆ.

ಹುಸಿಮಾತ್ರೆ ನುಂಗಿ ನಾಲ್ವರು ಹೇಗೆ ಸುಧಾರಿಸಿದರು?

ಈ ಪ್ರಶ್ನೆ ಮುಖ್ಯ, ಏಕೆಂದರೆ 'ನಮ್ಮ ಪಕ್ಕದ ಮನೆಯವರಿಗೆ ವಾಸಿಯಾಯ್ತು' ಎಂಬ ಎಲ್ಲ ಮಾತಿನ ಹಿಂದೆ ಇದೇ ಇದೆ.

ಕೂದಲು ಕೀಳುವುದು ಒಂದೇ ಸಮನೆ ಇರುವುದಿಲ್ಲ. ಪರೀಕ್ಷೆಯ ತಿಂಗಳಲ್ಲಿ ಹೆಚ್ಚು, ಬೇಸಿಗೆ ರಜೆಯಲ್ಲಿ ಕಡಿಮೆ. ಜನ ಚಿಕಿತ್ಸೆ ಹುಡುಕಿಕೊಂಡು ಹೊರಡುವುದು ಪರಿಸ್ಥಿತಿ ತೀರಾ ಕೆಟ್ಟಾಗ. ಅಲ್ಲಿಂದ ಮುಂದೆ ಏನೂ ಮಾಡದಿದ್ದರೂ ಎಷ್ಟೋ ಸಲ ಸ್ವಲ್ಪ ಇಳಿಯುತ್ತದೆ. ಆ ಹೊತ್ತಿಗೆ ಎಣ್ಣೆ ಹಚ್ಚಿದ್ದರೆ ಎಣ್ಣೆಗೆ, ತಾಯಿತ ಕಟ್ಟಿಸಿದ್ದರೆ ತಾಯಿತಕ್ಕೆ, ಮಾತ್ರೆ ನುಂಗಿದ್ದರೆ ಮಾತ್ರೆಗೆ ಹೆಸರು.

ಜೊತೆಗೆ ಈ ಕಾಯಿಲೆಯಲ್ಲಿ ಅಳತೆಯೇ ಒಂದು ಚಿಕಿತ್ಸೆ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವುದು ಏಳು ಪ್ರಶ್ನೆಗಳ ಒಂದು ಪಟ್ಟಿ. ಕಳೆದ ವಾರ ಕೀಳಬೇಕೆಂಬ ತುಡಿತ ಎಷ್ಟು ಸಲ ಬಂತು, ಎಷ್ಟು ಬಲವಾಗಿತ್ತು, ಎಷ್ಟು ತಡೆದುಕೊಂಡಿರಿ, ಮನಸ್ಸಿಗೆ ಎಷ್ಟು ನೋವಾಯಿತು, ಹೀಗೆ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ನಾಲ್ಕು ಅಂಕ, ಒಟ್ಟು 28. ಉತ್ತರಿಸುವುದು ರೋಗಿಯೇ. ವಾರವಾರವೂ ಯಾರೋ ಇದನ್ನು ಕೇಳುತ್ತಾರೆ ಎಂದು ಗೊತ್ತಿದ್ದರೆ ಕೈ ತಲೆಗೆ ಹೋದಾಗ ಗಮನಕ್ಕೆ ಬರಲು ಶುರುವಾಗುತ್ತದೆ, ಅಷ್ಟರಿಂದಲೇ ಕೀಳುವುದು ಕಡಿಮೆಯಾಗಬಹುದು. ಆದ್ದರಿಂದಲೇ ಹುಸಿಮಾತ್ರೆಯ ಗುಂಪು ಇಲ್ಲದ ಪ್ರಯೋಗವನ್ನು ಇಲ್ಲಿ ನಂಬುವುದು ಕಷ್ಟ.

ಮಕ್ಕಳ ಮೇಲಿನ ಪ್ರಯೋಗ

2013ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೈಕೆಲ್ ಬ್ಲಾಕ್ ಮತ್ತು ತಂಡ ಎಂಟರಿಂದ ಹದಿನೇಳು ವರ್ಷದ 39 ಮಕ್ಕಳ ಮೇಲೆ ಎನ್‌ಎಸಿ ಪರೀಕ್ಷಿಸಿತು. ಅದೇ 12 ವಾರ, ಅದೇ ರೀತಿಯ ಹುಸಿಮಾತ್ರೆ. ದೊಡ್ಡವರ ಪ್ರಯೋಗ ನಡೆಸಿದ ಗ್ರಾಂಟ್ ಕೂಡ ಈ ತಂಡದಲ್ಲಿದ್ದರು, ಆದ್ದರಿಂದ 'ಬೇರೆಯವರು ಬೇಕೆಂದೇ ಸುಳ್ಳು ಮಾಡಿದರು' ಎನ್ನುವಂತಿಲ್ಲ.

ಎನ್‌ಎಸಿಗೂ ಹುಸಿಮಾತ್ರೆಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮಕ್ಕಳು ಹಲವು ಅಳತೆಗಳಲ್ಲಿ ಸುಧಾರಿಸಿದರು, ಆದರೆ ಎರಡೂ ಗುಂಪಿನವರು ಸುಧಾರಿಸಿದರು. ಹುಸಿಮಾತ್ರೆಯ ಗುಂಪು ಇಲ್ಲದೆ ಇದೇ ಪ್ರಯೋಗ ಮಾಡಿದ್ದರೆ ಏನಾಗುತ್ತಿತ್ತು ಯೋಚಿಸಿ. 'ಮಕ್ಕಳಲ್ಲೂ ಯಶಸ್ಸು' ಎಂದು ಸುದ್ದಿಯಾಗುತ್ತಿತ್ತು!

ದೊಡ್ಡವರಲ್ಲಿ ಕೆಲಸ ಮಾಡಿದ್ದು ಮಕ್ಕಳಲ್ಲಿ ಏಕೆ ಮಾಡಲಿಲ್ಲ? ಮಕ್ಕಳು ಹೆಚ್ಚಾಗಿ ಅರಿವಿಲ್ಲದೆ ಕೀಳುತ್ತಾರೆ, ದೊಡ್ಡವರಲ್ಲಿ ತುಡಿತದಿಂದ ಕೀಳುವುದು ಹೆಚ್ಚು, ಮಾತ್ರೆ ತುಡಿತದ ಮೇಲೆ ಕೆಲಸ ಮಾಡುತ್ತದೇನೋ ಎಂಬುದು ಒಂದು ವಿವರಣೆ. 2009ರ ಫಲಿತಾಂಶದಲ್ಲೇ ಅದೃಷ್ಟದ ಪಾಲು ಇದ್ದಿರಬಹುದು ಎಂಬುದು ಇನ್ನೊಂದು. ಎರಡೂ ಪ್ರಯೋಗಗಳು ಚಿಕ್ಕವು. ದೊಡ್ಡವರಿಗೆ ಇದನ್ನು ಈಗಲೂ ಹಲವು ಮನೋವೈದ್ಯರು ಬರೆಯುತ್ತಾರೆ, ಹೆಚ್ಚು ತೊಂದರೆ ಕೊಡದ ಔಷಧ ಎಂಬ ಕಾರಣಕ್ಕೆ, ಅದರಲ್ಲಿ ತಪ್ಪಿಲ್ಲ. ಆದರೆ ಹತ್ತು ವರ್ಷದ ಮಗುವಿಗೆ ಫಾರ್ವರ್ಡ್ ನೋಡಿ ದಿನಕ್ಕೆ 2400 ಮಿಲಿಗ್ರಾಂ ಕೊಡಲು ಯಾವ ಆಧಾರವೂ ಇಲ್ಲ. ವಾಕರಿಕೆ, ಹೊಟ್ಟೆ ಕೆಡುವುದು ಇದರಿಂದ ಆಗಬಹುದು. ಉಬ್ಬಸ ಇರುವವರಲ್ಲಿ ಉಸಿರಾಟದ ತೊಂದರೆ ಹೆಚ್ಚಾಗುವ ಅಪಾಯವಿದೆ, ಅವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಬೇರೆ ಮಾತ್ರೆಗಳ ಕಥೆ

ಈ ಕಾಯಿಲೆಗೆ ಔಷಧ ಹುಡುಕಾಟ ಎನ್‌ಎಸಿಯಿಂದ ಶುರುವಾದದ್ದಲ್ಲ. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸೂಸನ್ ಸ್ವೀಡೊ ಮತ್ತು ತಂಡ 13 ಮಹಿಳೆಯರಲ್ಲಿ ಕ್ಲೋಮಿಪ್ರಮಿನ್ ಎಂಬ ಖಿನ್ನತೆಯ ಔಷಧವನ್ನು ಪರೀಕ್ಷಿಸಿದರು. ಇಲ್ಲಿ ಒಂದು ಜಾಣತನವಿತ್ತು. ಕ್ಲೋಮಿಪ್ರಮಿನ್ ತೆಗೆದುಕೊಂಡರೆ ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ. ಹೋಲಿಕೆಗೆ ಏನೂ ಮಾಡದ ಹುಸಿಮಾತ್ರೆ ಕೊಟ್ಟರೆ 'ಬಾಯಿ ಒಣಗುತ್ತಿಲ್ಲ, ನನಗೆ ಸಿಕ್ಕಿದ್ದು ಡಮ್ಮಿ' ಎಂದು ರೋಗಿ ಊಹಿಸಿಬಿಡುತ್ತಾರೆ. ಅದಕ್ಕೆ ಹೋಲಿಕೆಗೆ ಬಳಸಿದ್ದು ಡೆಸಿಪ್ರಮಿನ್, ಅದರಿಂದಲೂ ಬಾಯಿ ಒಣಗುತ್ತದೆ. ಪ್ರತಿಯೊಬ್ಬರೂ ಎರಡನ್ನೂ ಐದೈದು ವಾರ ತೆಗೆದುಕೊಂಡರು. ಕ್ಲೋಮಿಪ್ರಮಿನ್ ಗೆದ್ದಿತು. ಆದರೆ 13 ಜನ, ಹತ್ತು ವಾರ. ಔಷಧ ಮುಂದುವರಿಸಿದ್ದರೂ ಕೆಲವರಲ್ಲಿ ತೊಂದರೆ ಮರುಕಳಿಸಿತು ಎಂಬ ವರದಿಗಳು ಆಮೇಲೆ ಬಂದವು. ಹೃದಯದ ಬಡಿತ ಏರುಪೇರಾಗುವುದು, ಫಿಟ್ಸ್‌ನಂಥ ಅಪಾಯಗಳೂ ಇರುವುದರಿಂದ ಇದು ವೈದ್ಯರ ಕಣ್ಗಾವಲಿನಲ್ಲೇ ತೆಗೆದುಕೊಳ್ಳಬೇಕಾದ ಔಷಧ.

ಫ್ಲೂಆಕ್ಸೆಟಿನ್ ಹೆಚ್ಚು ಪರಿಚಿತ ಹೆಸರು. ಒಸಿಡಿಗೆ ಈ ಜಾತಿಯ ಔಷಧಗಳು ಚೆನ್ನಾಗಿ ಕೆಲಸ ಮಾಡುತ್ತವೆ, ಹಾಗಾಗಿ ಇದಕ್ಕೂ ಮಾಡಬೇಕು ಎಂಬ ಲೆಕ್ಕಾಚಾರವಿತ್ತು. 1991ರಲ್ಲೂ 1995ರಲ್ಲೂ ಹುಸಿಮಾತ್ರೆಯ ಜೊತೆ ಹೋಲಿಸಿ ನೋಡಿದರು. ವ್ಯತ್ಯಾಸ ಸಿಗಲಿಲ್ಲ. ಎರಡು ಕಾಯಿಲೆಗಳು ಒಂದೇ ಅಧ್ಯಾಯದಲ್ಲಿವೆ ಎಂದ ಮಾತ್ರಕ್ಕೆ ಮದ್ದು ಒಂದೇ ಅಲ್ಲ. (ನಿಮಗೆ ವೈದ್ಯರು ಫ್ಲೂಆಕ್ಸೆಟಿನ್ ಬರೆದಿದ್ದರೆ ಇದನ್ನು ಓದಿ ನಿಲ್ಲಿಸಬೇಡಿ. ಜೊತೆಗಿರುವ ಖಿನ್ನತೆಗೋ ಆತಂಕಕ್ಕೋ ಕೊಟ್ಟಿರಬಹುದು, ಅಲ್ಲಿ ಅದರ ಉಪಯೋಗ ಬೇರೆ.)

ಮದ್ಯದ ಚಟಕ್ಕೆ ಬಳಸುವ ನಾಲ್ಟ್ರೆಕ್ಸೋನ್ ಕೂಡ ಪರೀಕ್ಷೆಯಲ್ಲಿ ಹುಸಿಮಾತ್ರೆಯನ್ನು ಮೀರಿಸಲಿಲ್ಲ. ಒಲಾಂಜಪಿನ್ 2010ರ ಒಂದು ಪ್ರಯೋಗದಲ್ಲಿ ಗೆದ್ದಿತು, 13 ಜನರಲ್ಲಿ 11 ಮಂದಿ ಸುಧಾರಿಸಿದರು, ಹುಸಿಮಾತ್ರೆಯಲ್ಲಿ 12ರಲ್ಲಿ ಇಬ್ಬರು. ಆದರೆ ಅದು ತೂಕ ಮತ್ತು ಸಕ್ಕರೆ ಏರಿಸುವ ಔಷಧ. ಕೂದಲು ಉಳಿಸಿಕೊಳ್ಳಲು ಹೋಗಿ ಡಯಾಬಿಟಿಸ್ ತಂದುಕೊಳ್ಳುವುದು ಯಾರಿಗೆ ಬೇಕು?

ಇತ್ತೀಚಿನ ಸುದ್ದಿ ಮೆಮಾಂಟಿನ್. ಮರೆವಿನ ಕಾಯಿಲೆಯಾದ ಆಲ್ಝೈಮರ್ಸ್‌ಗೆ ಕೊಡುವ ಔಷಧ ಇದು. ಗ್ಲುಟಮೇಟ್ ಮೇಲೆಯೇ, ಆದರೆ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ. 2023ರಲ್ಲಿ ಗ್ರಾಂಟ್ ಅವರ ತಂಡವೇ (ಅವರು ಈಗ ಶಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾರೆ) ಕೂದಲು ಕೀಳುವ ಅಥವಾ ಚರ್ಮ ಕೆರೆದುಕೊಳ್ಳುವ ಗೀಳಿನ 100 ವಯಸ್ಕರ ಮೇಲೆ ಎಂಟು ವಾರ ಪರೀಕ್ಷಿಸಿತು. ಮೆಮಾಂಟಿನ್ ಗುಂಪಿನಲ್ಲಿ ಶೇಕಡಾ 60.5, ಹುಸಿಮಾತ್ರೆಯಲ್ಲಿ ಶೇಕಡಾ 8.3 ಮಂದಿ ಸಾಕಷ್ಟು ಸುಧಾರಿಸಿದರು. ಈ ಕಾಯಿಲೆಯ ಮಟ್ಟಿಗೆ ಇದು ದೊಡ್ಡ ಪ್ರಯೋಗ, ಭರವಸೆಯ ಫಲಿತಾಂಶ. ಆದರೆ 2009ರಲ್ಲಿ ಎನ್‌ಎಸಿಯದ್ದೂ ಭರವಸೆಯ ಫಲಿತಾಂಶವೇ ಆಗಿತ್ತು. ಬೇರೆ ತಂಡವೊಂದು ಬೇರೆ ಜನರಲ್ಲಿ ಇದನ್ನೇ ಕಾಣುವವರೆಗೆ, ಮಕ್ಕಳಲ್ಲಿ ಪ್ರತ್ಯೇಕವಾಗಿ ಪರೀಕ್ಷೆಯಾಗುವವರೆಗೆ, ಉತ್ಸಾಹಕ್ಕೆ ಸ್ವಲ್ಪ ಲಗಾಮು ಇರಲಿ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕಾಯಿಲೆಗೆಂದೇ ಯಾವ ಔಷಧವನ್ನೂ ಅನುಮೋದಿಸಿಲ್ಲ. 'ಎಫ್‌ಡಿಎ ಒಪ್ಪಿಗೆ ಪಡೆದ ಟ್ರೈಕೊಟಿಲೊಮೇನಿಯಾ ಮಾತ್ರೆ' ಎಂದು ಯಾರಾದರೂ ಆನ್‌ಲೈನ್‌ನಲ್ಲಿ ಮಾರುತ್ತಿದ್ದರೆ ಅದು ಸುಳ್ಳು.

ಹಾಗಾದರೆ ಮೊದಲ ಚಿಕಿತ್ಸೆ ಯಾವುದು?

ಮಾತ್ರೆಯಲ್ಲ, ತರಬೇತಿ. 1973ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಅಜ್ರಿನ್ ಮತ್ತು ನನ್ ರೂಪಿಸಿದ 'ಹ್ಯಾಬಿಟ್ ರಿವರ್ಸಲ್' ವಿಧಾನ. ಕೈ ಯಾವಾಗ, ಎಲ್ಲಿ, ಯಾವ ಮನಸ್ಥಿತಿಯಲ್ಲಿ ತಲೆಗೆ ಹೋಗುತ್ತದೆ ಎಂದು ಮೊದಲು ಬರೆದಿಡುವುದು. ತುಡಿತ ಬಂದಾಗ ಮುಷ್ಟಿ ಬಿಗಿಹಿಡಿದು, ತುಡಿತ ಇಳಿಯುವವರೆಗೆ ಹಾಗೇ ಇರುವುದು; ಮುಷ್ಟಿ ಕಟ್ಟಿದ ಕೈ ಕೂದಲು ಕೀಳಲಾರದು. ಕನ್ನಡಿ, ಚಿಮಟಿಗೆ ಕೈಗೆ ಸಿಗದಂತೆ ಇಡುವುದು, ಓದುವಾಗ ಬೆರಳ ತುದಿಗೆ ಬ್ಯಾಂಡೇಜ್ ಸುತ್ತಿಕೊಳ್ಳುವುದು. ಮನೆಯವರು ಬೈಯುವ ಬದಲು, ತಡೆದುಕೊಂಡ ದಿನ ಅದನ್ನು ಗುರುತಿಸಿ ಹೇಳುವುದು. ಕೇಳಲು ತೀರಾ ಸರಳ, ಮಾಡಲು ವಾರಗಟ್ಟಲೆ ಬೇಕು, ತರಬೇತಿ ಪಡೆದವರ ಜೊತೆ ಮಾಡಿದರೆ ಒಳ್ಳೆಯದು.

ನೆದರ್ಲ್ಯಾಂಡ್ಸ್‌ನಲ್ಲಿ ವಾನ್ ಮಿನ್ನೆನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸುಮಾರು 40 ಜನರನ್ನು ಮೂರು ಗುಂಪು ಮಾಡಲಾಗಿತ್ತು: ನಡವಳಿಕೆಯ ಚಿಕಿತ್ಸೆ, ಫ್ಲೂಆಕ್ಸೆಟಿನ್, ಮತ್ತು ಕಾಯುವ ಪಟ್ಟಿ. ನಡವಳಿಕೆಯ ಚಿಕಿತ್ಸೆಯವರು ಮುಂದೆ ಬಂದರು. ಫ್ಲೂಆಕ್ಸೆಟಿನ್‌ನವರು ಸುಮ್ಮನೆ ಕಾಯುತ್ತಿದ್ದವರಿಗಿಂತ ಮೇಲಾಗಿರಲಿಲ್ಲ. ಈ ಚಿಕಿತ್ಸೆಗೂ ಮಿತಿ ಇದೆ: ತಿಂಗಳುಗಳು ಕಳೆದಂತೆ ಕೆಲವರಲ್ಲಿ ಅಭ್ಯಾಸ ಮರಳುತ್ತದೆ, ಆಗ ಮತ್ತೆ ಶುರುಮಾಡಬೇಕಾಗುತ್ತದೆ.

ಕೂದಲು ನುಂಗಿದರೆ ಬಾಳೆದಿಂಡು ಸಾಕೇ?

ಕಿತ್ತ ಕೂದಲನ್ನು ಕೆಲವರು ಜಗಿಯುತ್ತಾರೆ, ನುಂಗುತ್ತಾರೆ. ಹುಡುಗಿಯ ಹೊಟ್ಟೆಯಿಂದ ಕೂದಲಿನ ಉಂಡೆ ತೆಗೆದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುವುದು ಇದರಿಂದಲೇ. 'ಬಾಳೆದಿಂಡಿನ ಪಲ್ಯ ತಿಂದರೆ ಹೊಟ್ಟೆಯ ಕೂದಲು ಕರಗುತ್ತದೆ' ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ದಿಂಡಿನ ಪಲ್ಯ ಧಾರಾಳವಾಗಿ ತಿನ್ನಿ, ನಾರಿನಂಶ ಚೆನ್ನಾಗಿದೆ. ಆದರೆ ಕೂದಲು ಕೆರಟಿನ್ ಎಂಬ ಗಟ್ಟಿ ಪ್ರೋಟೀನ್, ಅದನ್ನು ಮನುಷ್ಯರ ಹೊಟ್ಟೆ ಜೀರ್ಣಿಸಲಾರದು. ಅನ್ನದಲ್ಲಿ ಬಂದ ಒಂದೆರಡು ಎಳೆ ಹಾಗೇ ಹೊರಗೆ ಹೋಗುತ್ತದೆ. ದಿನಾ ನುಂಗಿದರೆ ಜಠರದಲ್ಲೇ ಸುತ್ತಿಕೊಂಡು ಉಂಡೆಯಾಗಬಹುದು, ಬಾಲ ಬೆಳೆದು ಕರುಳಿಗೂ ಇಳಿಯಬಹುದು. ದೊಡ್ಡ ಉಂಡೆಯನ್ನು ಕರಗಿಸುವ ಪಲ್ಯವೂ ಇಲ್ಲ, ಮಾತ್ರೆಯೂ ಇಲ್ಲ, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕು. ಕೂದಲು ಕೀಳುವ ಮಗುವಿಗೆ ಪದೇ ಪದೇ ಹೊಟ್ಟೆನೋವು, ವಾಂತಿ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಇದ್ದರೆ ತಡಮಾಡಬೇಡಿ. ಕೂದಲಿನ ವಿಷಯವನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ, ಇಲ್ಲದಿದ್ದರೆ ಅವರು ಗ್ಯಾಸ್ಟ್ರಿಕ್ ಎಂದೇ ನೋಡುತ್ತಾರೆ.

ಎಲ್ಲಿ ಕೇಳಬೇಕು?

ತಲೆಯಲ್ಲಿ ಬೋಳು ಜಾಗ ಕಂಡರೆ ಮೊದಲು ಚರ್ಮರೋಗ ತಜ್ಞರಿಗೆ ತೋರಿಸುವುದು ಸರಿ. ಹುಳುಕಡ್ಡಿ, ತಾನಾಗಿಯೇ ದುಂಡಗೆ ಕೂದಲು ಉದುರುವ ಅಲೋಪೇಶಿಯಾ ಅರಿಯೇಟಾ, ಇವೂ ಕಾರಣವಿರಬಹುದು. ಕಿತ್ತ ಜಾಗದಲ್ಲಿ ಕೂದಲು ಪೂರ್ತಿ ಮಾಯವಾಗಿರುವುದಿಲ್ಲ, ಉದ್ದ-ಗಿಡ್ಡ ತುಂಡು ಕೂದಲು ಉಳಿದಿರುತ್ತದೆ. ಅವರು ಸೂಚಿಸಿದರೆ ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ದೂರದ ಊರಿನಲ್ಲಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೋಗುವ ಮೊದಲು ಒಂದು ವಾರ ಸಣ್ಣ ನೋಟ್‌ಬುಕ್‌ನಲ್ಲಿ ಮಗು ಯಾವ ಹೊತ್ತಿನಲ್ಲಿ, ಏನು ಮಾಡುತ್ತಿದ್ದಾಗ ಕಿತ್ತುಕೊಂಡಿತು ಎಂದು ಬರೆದಿಡಿ. ಮಗು ತಾನೇ ಬರೆಯಲು ಒಪ್ಪಿದರೆ ಇನ್ನೂ ಒಳ್ಳೆಯದು. ವೈದ್ಯರು ಕೇಳುವ ಮೊದಲ ಪ್ರಶ್ನೆ ಬಹುಶಃ ಅದೇ.